ಮೂವತ್ತು ಮನೆಗೆ ಹಂಚಿಹೋದ ಹಿತ್ತಿಲು

ನಿಮ್ಮ ಮನೆಯ ಮೆಟ್ಟಿಲ ಮೇಲೆ ಸಾಲಾಗಿ ಕುಳಿತಿರುವ ಹೂಕುಂಡಗಳಲ್ಲಿ ಇರುವ ಮಣ್ಣು ಯಾರದು? ಗಿಡ ನಿಮ್ಮದು, ಒಪ್ಪಿದೆ. ಕುಂಡವೂ ನಿಮ್ಮದೇ, ಸರಿ. ಮಣ್ಣು? "ಮಣ್ಣಿಗೆ ಯಾರು ಒಡೆಯರು ಸ್ವಾಮಿ, ಎಲ್ಲಿ ನೋಡಿದರೂ ಬಿದ್ದಿರುತ್ತದಲ್ಲ" ಎಂದು ನೀವು ನಗುತ್ತೀರಿ. ನಗಿರಿ. ಹೀಗೆಯೇ ನಕ್ಕವರು ಒಂದೇ ಬೀದಿಯಲ್ಲಿ ಮೂವತ್ತು ಮನೆಯವರಿದ್ದರು. ಅವರು ಒಂದೇ ಹಗಲಿನಲ್ಲಿ ಮಾಡಿ ಮುಗಿಸಿದ ಕೆಲಸವನ್ನು ಹೇಳುತ್ತೇನೆ. ಆಮೇಲೂ ನಗು ಉಳಿದಿದ್ದರೆ ಅದು ನಿಮಗೂ ನಿಮ್ಮ ಅಂತಃಕರಣಕ್ಕೂ ಬಿಟ್ಟ ವಿಷಯ.

ಆ ಬೀದಿಯ ಮೂಲೆಮನೆಯ ದರ್ಜಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಬೀದಿ ಇಟ್ಟ ಹೆಸರು "ಅದಕ್ಕೇನಪ್ಪ". ಯಾರು ಏನು ಕೇಳಿದರೂ ಆತನ ಬಾಯಿಂದ ಹೊರಡುತ್ತಿದ್ದ ಉತ್ತರ ಒಂದೇ: "ಅದಕ್ಕೇನು?" ನಾಳೆಗೇ ಅಂಗಿ ಬೇಕು. ಅದಕ್ಕೇನು? ನಿಮ್ಮ ಏಣಿ ನಮ್ಮಲ್ಲಿ ಒಂದು ವಾರ ಇರಲಿ. ಅದಕ್ಕೇನು? ಏಣಿ ಮುರಿಯಿತು. ಅದಕ್ಕೇನು? "ಇಲ್ಲ" ಎಂಬ ಎರಡಕ್ಷರ ಆತನ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡು ಹೊರಕ್ಕೂ ಬಾರದೆ ಒಳಕ್ಕೂ ಇಳಿಯದೆ ನಲವತ್ತೆಂಟು ವರ್ಷ ಕಳೆದಿತ್ತು. ಲೋಕ ಇದನ್ನು ಒಳ್ಳೆಯತನ ಎನ್ನುತ್ತದೆ. ನಾನು ಎನ್ನುವುದಿಲ್ಲ. ಇಲ್ಲ ಎನ್ನಬೇಕಾದಲ್ಲಿ ಇಲ್ಲ ಎನ್ನದವನು ನೆರೆಯವರ ದುರಾಸೆಗೆ ಕದ ತೆರೆದಿಟ್ಟು ಮಲಗಿದವನು. ಆದರೂ ತೆರೆದ ಕದದೊಳಗೆ ನುಗ್ಗಿದವರ ತಪ್ಪು ಅದರಿಂದ ಕಡಿಮೆಯಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಆತ ವಾಸವಿದ್ದ ಮನೆ ಹೆಂಡತಿಯ ತವರಿನ ಆಸ್ತಿ. ಅದರ ಹಿಂದಿನ ವಿಸ್ತಾರವಾದ ಹಿತ್ತಿಲು ಮಾತ್ರ ಭಾವಮೈದನ ಪಾಲಿನದು. ಭಾವಮೈದನಿಗೆ ಬಾಡಿಗೆಗೆ ಓಡುವ ಮೂರು ವ್ಯಾನುಗಳಿದ್ದವು, ಅವನ್ನು ನಿಲ್ಲಿಸಲು ಜಾಗವಿರಲಿಲ್ಲ.

"ಭಾವ, ಇಲ್ಲಿ ಹುಲ್ಲೂ ಹುಟ್ಟಲ್ಲ. ಕಾಂಕ್ರೀಟ್ ಹಾಕಿಸಿಬಿಡ್ತೀನಿ" ಎಂದು ಅವನು ಮೂರು ವರ್ಷಗಳ ಹಿಂದೆ ಹೇಳಿದಾಗ ದರ್ಜಿ ಬದುಕಿನಲ್ಲಿ ಮೊದಲ ಬಾರಿಗೆ ಏನನ್ನೋ ಬೇಡಿದ್ದ: "ಮೂರು ವರ್ಷ ಕೊಡು. ಇಲ್ಲಿ ತರಕಾರಿ ಬೆಳೀತೀನಿ."

"ಜೀವ ಇರೋ ಮಣ್ಣು ಮಾಡಿ ತೋರಿಸು, ಹಿತ್ತಿಲು ನಿಂದೇ. ಆಗಲಿಲ್ಲ ಅಂದ್ರೆ ಮರುದಿನವೇ ಲಾರಿ ತರಿಸ್ತೀನಿ. ನನ್ನ ಮಾತು ಅಂದ್ರೆ ಮಾತು."

ಬೀದಿಯ ವಕೀಲರು ಇದನ್ನು ಕಾಗದದ ಮೇಲೆ ಬರೆದುಕೊಟ್ಟರು. ಮಣ್ಣು ಪರೀಕ್ಷಾಲಯದವರು ಬಂದು ನೋಡಿ ಕೊಟ್ಟ ತೀರ್ಪೇ ಅಂತಿಮ ಎಂದು ಇಬ್ಬರೂ ಸಹಿ ಹಾಕಿದರು. ಆ ಮೂರು ವರ್ಷದ ಕೊನೆಯ ದಿನವೇ ನಮ್ಮ ಕತೆಯ ದಿನ. ಸಂಜೆ ನಾಲ್ಕಕ್ಕೆ ಪರೀಕ್ಷಕಿ ಬರುವವರಿದ್ದರು.

ಮೊದಲು ಆ ನೆಲ ಹೇಗಿತ್ತೆಂದು ತಿಳಿಯಬೇಕು. ಅದು ಮಣ್ಣಾಗಿರಲಿಲ್ಲ, ಮಣ್ಣಿಗೆ ಬಂದ ಅಪವಾದವಾಗಿತ್ತು. ಮನೆ ಕಟ್ಟಿದವರು ಎಸೆದುಹೋದ ಇಟ್ಟಿಗೆ ಚೂರು, ಗಾರೆ, ಗಾಜು. ನಡುನಡುವೆ ಹಳದಿ ಜೇಡಿ. ಹಾರೆ ಹಾಕಿದರೆ ಗಂಟೆ ಬಾರಿಸಿದ ಸದ್ದು. ಮಳೆ ಸುರಿದರೆ ತಟ್ಟೆಯಲ್ಲಿ ನಿಂತಂತೆ ನೀರು ನಿಲ್ಲುತ್ತಿತ್ತು; ಬಿಸಿಲು ಬಂದರೆ ಒಡೆದ ಹಿಮ್ಮಡಿಯಂತೆ ಬಿರಿಯುತ್ತಿತ್ತು. ಮೊದಲ ವರ್ಷ ಬಿತ್ತಿದ ಮೂಲಂಗಿ ಕೆಳಗಿಳಿಯಲು ದಾರಿ ಕಾಣದೆ ಮೇಲಕ್ಕೇ ಬಾಗಿ, ಪ್ರಶ್ನಾರ್ಥಕ ಚಿಹ್ನೆಯಂತೆ ನಿಂತು, "ನನ್ನನ್ನು ಇಲ್ಲಿಗೇಕೆ ಕಳಿಸಿದೆ?" ಎಂದು ಕೇಳಿತ್ತು.

ದರ್ಜಿ ಆ ನೆಲವನ್ನು ಹರಿದ ಕೋಟಿನಂತೆ ಕೈಗೆತ್ತಿಕೊಂಡ. ಬಿತ್ತನೆಗೆಂದು ಎತ್ತರದ ಆರು ಮಡಿ ಮಾಡಿ ಒಂದೊಂದರಿಂದಲೂ ಕಲ್ಲು ಆರಿಸಿದ. ಬೀದಿಯವರು ಗುಡಿಸಿ ಸುಡುತ್ತಿದ್ದ ಒಣಎಲೆಗಳನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ತಂದು ಅಸ್ತರ್ ಕೊಟ್ಟಂತೆ ಹಾಸಿದ. ಅದರ ಮೇಲೆ ತರಕಾರಿ ಸಿಪ್ಪೆ, ಸಿಪ್ಪೆಯ ಮೇಲೆ ಸಗಣಿ, ಸಗಣಿಯ ಮೇಲೆ ತನ್ನ ಅಂಗಡಿಯಲ್ಲಿ ಉಳಿದ ಹತ್ತಿ ಬಟ್ಟೆಯ ಚೂರು ಮತ್ತು ದಾರ. ಎರಡು ಬೆಳೆಗಳ ನಡುವೆ ಅಲಸಂದೆ ಬಿತ್ತಿ, ಅದು ಹೂ ಬಿಡುವಷ್ಟರಲ್ಲಿ ಕೊಚ್ಚಿ ನೆಲಕ್ಕೇ ಸೇರಿಸಿದ. ತನಗೆ ಉಣ್ಣಲು ಬೆಳೆದದ್ದಲ್ಲ, ನೆಲಕ್ಕೆ ಉಣಿಸಲು ಬೆಳೆದದ್ದು. ಮಡಿಯನ್ನು ಯಾರೂ ತುಳಿಯಬಾರದೆಂದು ಹಲಗೆ ಹಾಕಿ ಅದರ ಮೇಲೆ ನಡೆದಾಡಿದ. ಬಟ್ಟೆಯ ಚೂರು ಕರಗಿತು, ದಾರ ಕರಗಿತು. ಚೂರುಗಳ ಜೊತೆ ಕಣ್ತಪ್ಪಿ ಬಿದ್ದ ಅಂಗಿಯ ಬಟನ್‌ಗಳು ಮಾತ್ರ ಕರಗದೆ, ಕಪ್ಪು ಮಣ್ಣಿನೊಳಗೆ ನಕ್ಷತ್ರಗಳಂತೆ ಅಲ್ಲಲ್ಲಿ ಉಳಿದುಕೊಂಡವು.

ಎರಡನೆಯ ವರ್ಷದ ಒಂದು ಬೆಳಿಗ್ಗೆ, ಹಿತ್ತಿಲ ಮೂಲೆಯಲ್ಲಿ ಕೊಳೆಯಲು ಒಟ್ಟಿದ್ದ ಎಲೆರಾಶಿಯೊಳಗೆ ಕೈ ತೂರಿಸಿದವನು ಬೆಚ್ಚಿ ಹಿಂದೆಗೆದ. ಒಳಗೆ ಬಿಸಿ. ಬೆಂಕಿಯಿಲ್ಲ, ಬಿಸಿಲಿಲ್ಲ, ಆದರೂ ಒಲೆಯ ಮೇಲಿಂದ ಇಳಿಸಿದ ಪಾತ್ರೆಯಂಥ ಬಿಸಿ. ಕಣ್ಣಿಗೆ ಕಾಣದ ಕೋಟಿ ಜೀವಗಳು ಆ ಕತ್ತಲೆಯಲ್ಲಿ ದುಡಿಯುತ್ತಿದ್ದುವು. ಆ ಬಿಸಿ ಅವುಗಳ ಬೆವರು. ಮೂರನೆಯ ವರ್ಷ ಎರೆಹುಳುಗಳು ಬಂದವು. ಯಾರೂ ಕರೆದಿರಲಿಲ್ಲ, ಯಾರೂ ವಿಳಾಸ ಕೊಟ್ಟಿರಲಿಲ್ಲ. ಇಟ್ಟಿಗೆ ಚೂರುಗಳ ಯಾವ ಸಂದಿಯಿಂದ, ಎಷ್ಟು ದೂರದಿಂದ ಸುದ್ದಿ ತಿಳಿದು ಬಂದವೋ! ದರ್ಜಿ ಅಂದು ಮಡಿಯ ಪಕ್ಕದಲ್ಲಿ ಚಪ್ಪಲಿ ಕಳಚಿ ನಿಂತ. ಹಾಗೆ ನಿಲ್ಲಬೇಕೆಂದು ಆತನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಕ್ಕಳಿಗೆ ಪಾಠ ಹೇಳುವ ನಾವು ಇದನ್ನು ಯಾವ ತರಗತಿಯಲ್ಲಿ ಹೇಳಿಕೊಡುತ್ತೇವೆ?

ಇನ್ನು ಆ ದಿನಕ್ಕೆ ಬರೋಣ. ಬದನೆ, ಟೊಮೇಟೊ ಎಲ್ಲ ಕಿತ್ತು ಮುಗಿದು ಆರೂ ಮಡಿಗಳು ಹೊಸ ಬಿತ್ತನೆಗೆ ಸಿದ್ಧವಾಗಿದ್ದುವು. ಬೆಳಿಗ್ಗೆ ಏಳಕ್ಕೆ ದರ್ಜಿ ಒಂದು ಒಣ ಹೆಂಟೆಯನ್ನು ಗಾಜಿನ ಲೋಟದ ನೀರಿನೊಳಗೆ ಇಳಿಬಿಟ್ಟು ಕಿಟಕಿಯ ಮೇಲಿಟ್ಟು ನೋಡುತ್ತಿದ್ದ. ಸತ್ತ ಮಣ್ಣಾದರೆ ನೀರಿನಲ್ಲಿ ಕುಸಿದು ಕೆಸರಾಗುತ್ತದೆ. ಜೀವವಿರುವ ಮಣ್ಣು ಒಳಗಿನ ಸಣ್ಣ ಬೇರು, ಎಳೆ, ಅಂಟುಗಳಿಂದ ತನ್ನನ್ನು ತಾನೇ ಹೊಲಿದುಕೊಂಡಿರುತ್ತದೆ, ಬಿಚ್ಚುವುದಿಲ್ಲ. ಪರೀಕ್ಷಕಿ ಮಾಡುವುದೂ ಇದೇ ಪರೀಕ್ಷೆಯೆಂದು ಆತ ಕೇಳಿದ್ದ. ಹೆಂಟೆ ನೀರಿನೊಳಗೆ ಬೆಟ್ಟದಂತೆ ಕುಳಿತಿತ್ತು. ನೀರು ತಿಳಿಯಾಗಿಯೇ ಇತ್ತು.

ಬೇಲಿಯಾಚೆಯಿಂದ ಪಕ್ಕದ ಮನೆಯ ನರ್ಸಮ್ಮನ ದನಿ ಬಂತು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಆಕೆಗೆ ಇಡೀ ಬೀದಿಯೇ ಒಂದು ವಾರ್ಡು.

"ಏನೋ ಅದಕ್ಕೇನಪ್ಪ, ಬೆಳಗ್ಗೆ ಬೆಳಗ್ಗೆ ಮಣ್ಣಿಗೆ ಸ್ನಾನ ಮಾಡಿಸ್ತಿದೀಯಾ?"

"ನೋಡಿ ಅಕ್ಕ, ಅರ್ಧ ಗಂಟೆ ಆಯ್ತು. ಕರಗ್ತಾನೇ ಇಲ್ಲ."

ನರ್ಸಮ್ಮ ಬೇಲಿಯ ಸಂದಿಯಿಂದ ನುಸುಳಿ ಬಂದರು. ಲೋಟ ನೋಡಿದರು. ಎಲೆರಾಶಿಯೊಳಗೆ ಕೈಯಿಟ್ಟು ಕಣ್ಣು ಮುಚ್ಚಿದರು. "ನೂರಾ ಮೂರು! ಇದಕ್ಕೆ ಜ್ವರ ಬಂದಿದೆ ಕಣೋ" ಎಂದರು. ಮಡಿಯಿಂದ ಒಂದು ಹಿಡಿ ತೆಗೆದು ಮೂಸಿದರು. ಇನ್ನೊಂದು ಹಿಡಿ ತೆಗೆದು ಮತ್ತೆ ಮೂಸಿದರು. ಮೊದಲ ಮಳೆಯ ವಾಸನೆಯನ್ನು ಯಾರೋ ಮಡಿಸಿ ಪೆಟ್ಟಿಗೆಯಲ್ಲಿಟ್ಟು ಈಗ ತೆರೆದಂತಿತ್ತು.

"ನನ್ನ ಗುಲಾಬಿ ಕೊನೇ ಉಸಿರು ಎಳೀತಿದೆ. ಒಂದು ಹಿಡಿ ಕೊಡೋ."

"ಅದಕ್ಕೇನು ಅಕ್ಕ, ತಗೊಳ್ಳಿ."

ಇಲ್ಲಿಯೇ, ಈ ಒಂದು ಹಿಡಿಯಲ್ಲಿಯೇ, ಕೇಡಿನ ಬೀಜ ಬಿದ್ದದ್ದು. ನರ್ಸಮ್ಮ ಹಿಡಿಯೊಂದಿಗೆ ನಿಲ್ಲಲಿಲ್ಲ. ಗುಲಾಬಿಯ ಕುಂಡವನ್ನೇ ಹೊತ್ತು ತಂದರು. "ಪುಕ್ಕಟೆ ತಗೊಳ್ಳೋಳಲ್ಲ ನಾನು. ಯಾರ ಋಣವೂ ಬೇಡ" ಎಂದು ಕುಂಡದ ಹಳೆಯ ಬೂದುಬಣ್ಣದ ಮಣ್ಣನ್ನು ಮಡಿಯೊಳಗೆ ಕೊಡವಿ, ಅಷ್ಟೇ ಜಾಗದ ಕಪ್ಪು ಮಣ್ಣನ್ನು ತುಂಬಿಕೊಂಡು ಹೋದರು. ದರ್ಜಿಗೆ ಎದೆಯಲ್ಲಿ ಸೂಜಿ ಚುಚ್ಚಿದಂತಾಯಿತು. "ಅಕ್ಕ, ಅದನ್ನ ಇಲ್ಲಿ..." ಎಂದು ಬಾಯಿ ತೆರೆದ. ಮುಂದಿನ ಎರಡಕ್ಷರ ಎಂದಿನಂತೆ ಗಂಟಲಿನಲ್ಲೇ ಉಳಿಯಿತು.

ಹತ್ತು ಗಂಟೆಗೆ ವಕೀಲರು ಕಪ್ಪು ಕೋಟನ್ನು ಕೈಯಲ್ಲಿ ಹಿಡಿದು ಓಡಿ ಬಂದರು. ತೋಳು ಹೆಗಲಿನಿಂದ ಕಿತ್ತು ಜೋತಾಡುತ್ತಿತ್ತು, ಅಸ್ತರ್ ಉದ್ದಕ್ಕೂ ಹರಿದಿತ್ತು.

"ಎರಡು ಗಂಟೆಗೆ ಕೇಸಿದೆ ಮಾರಾಯ. ನ್ಯಾಯಾಧೀಶರ ಮುಂದೆ ಒಂದೇ ತೋಳಲ್ಲಿ ವಾದ ಮಾಡೋಕಾಗುತ್ತಾ? ಬೇರೆಲ್ಲ ಬಿಟ್ಟು ಇದನ್ನ ಮಾಡಿಕೊಡು."

ಹಿತ್ತಿಲಿನಲ್ಲಿ ಆತನಿಗೆ ನೂರು ಕೆಲಸವಿತ್ತು. "ಅದಕ್ಕೇನು" ಎಂದ.

ಅಂಗಡಿ ಮನೆಯ ಮುಂಭಾಗದ ಕೋಣೆ. ಹೊಲಿಗೆ ಯಂತ್ರದ ಮುಂದೆ ಕುಳಿತರೆ ಬೀದಿ ಕಾಣುತ್ತದೆ, ಹಿತ್ತಿಲು ಕಾಣುವುದಿಲ್ಲ. ವಕೀಲರು ಸ್ಟೂಲಿನ ಮೇಲೆ ಕುಳಿತು, ನರ್ಸಮ್ಮನ ವಿಷಯ ಕೇಳಿ, ಯಾರೂ ಕೇಳದಿದ್ದರೂ ಅಭಿಪ್ರಾಯ ಕೊಟ್ಟರು:

"ನೋಡು, ಆಕೆ ತಗೊಂಡಿದ್ದು ಮಣ್ಣು. ಕೊಟ್ಟಿದ್ದೂ ಮಣ್ಣು. ಕಾನೂನಿನ ಕಣ್ಣಲ್ಲಿ ಅಲ್ಲಿ ಏನೂ ನಡೆದೇ ಇಲ್ಲ."

ಈ ಮಾತು ಕಿಟಕಿಯಿಂದ ಹೊರಗೆ ಹೋಯಿತು. ಅದಾಗಲೇ ನರ್ಸಮ್ಮನ ಗುಲಾಬಿ ತಲೆಯೆತ್ತಿದೆಯೆಂಬ ಸುದ್ದಿ ಬೀದಿಯ ತುಂಬ ಹರಿದಾಡುತ್ತಿತ್ತು. ಗಿಡ ತಲೆಯೆತ್ತಿದ್ದು ಆಕೆ ಹದಿನೈದು ದಿನಗಳ ಬಳಿಕ ನೀರು ಹಾಕಿದ್ದರಿಂದ. ಆದರೆ ತನ್ನ ಮರೆವಿಗಿಂತ ಪಕ್ಕದ ಮನೆಯ ಪವಾಡವನ್ನು ನಂಬುವುದು ಮನುಷ್ಯನಿಗೆ ಯಾವಾಗಲೂ ಸುಲಭ. ಸುದ್ದಿಗೆ ಬಾಲವೂ ಬೆಳೆಯಿತು: ನಾಲ್ಕು ಗಂಟೆಗೆ ಸರ್ಕಾರದವರು ಬಂದು ಆ ಮಣ್ಣಿಗೆ ಸೀಲು ಹಾಕುತ್ತಾರಂತೆ, ಆಮೇಲೆ ಚಿಟಿಕೆಯೂ ಸಿಗದಂತೆ.

ಹನ್ನೊಂದಕ್ಕೆ ಹೆಂಡತಿ ಒಳಗಿನಿಂದ ಬಂದಳು. "ರೀ, ಹಿತ್ತಿಲಲ್ಲಿ ಯಾರೋ ನಾಲ್ಕು ಜನ ಬಂದಿದಾರೆ. ಒಂದೊಂದು ಕುಂಡಕ್ಕೆ ಮಣ್ಣು ಬೇಕಂತೆ."

"ನಾಲ್ಕೇ ಕುಂಡ ತಾನೆ? ಅದಕ್ಕೇನು." ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆಯೆತ್ತಲಿಲ್ಲ.

ಹನ್ನೆರಡಕ್ಕೆ ಮತ್ತೆ ಬಂದಳು. "ಈಗ ಹದಿನಾರು ಜನ ಇದಾರೆ. ಕುಂಡ ಅಲ್ಲ, ಬಕೆಟ್ಟು."

"ಮಧ್ಯದ ಮಡಿ ಮುಟ್ಟಬೇಡಿ ಅಂತ ಹೇಳು."

"ಅದನ್ನ ನೀವೇ ಬಂದು ಹೇಳಿ. ನಾನು ಹೇಳಿದ್ರೆ 'ನಿಮ್ಮ ಯಜಮಾನ್ರು ಅದಕ್ಕೇನು ಅಂದಿದಾರೆ' ಅಂತಾರೆ."

ದರ್ಜಿ ಎದ್ದ. ವಕೀಲರು ಕೋಟಿನ ಒಂದು ತುದಿ ಹಿಡಿದರು. "ಎದ್ದೀಯಾ ಮತ್ತೆ! ಒಂದು ಅಮಾಯಕ ಜೀವ ಜೈಲಿಗೆ ಹೋಗುತ್ತೆ ನಿನ್ನಿಂದ." ದರ್ಜಿ ಕುಳಿತ. ಆ ಕೇಸು ಚರಂಡಿಯ ಗೋಡೆ ಯಾರದೆಂಬ ವಿವಾದದ್ದೆಂದೂ ಅದರಲ್ಲಿ ಜೈಲಿಗೆ ಹೋಗುವವರು ಯಾರೂ ಇರಲಿಲ್ಲವೆಂದೂ ಆಮೇಲೆ ತಿಳಿಯಿತು.

ಒಂದು ಗಂಟೆಗೆ ಕಿಟಕಿಯಲ್ಲಿ ಪೈಲ್ವಾನನ ಮುಖ ಕಾಣಿಸಿತು. ಬೀದಿಯ ತುದಿಯಲ್ಲಿ ವ್ಯಾಯಾಮಶಾಲೆ ನಡೆಸುವ ಈತನಿಗೆ ಹನ್ನೆರಡು ಮಂದಿ ಶಿಷ್ಯರು. ಎಲ್ಲರೂ ನಡುವಯಸ್ಸಿನ, ತುಂಬಿದ ಹೊಟ್ಟೆಯ ಗುಮಾಸ್ತರು.

"ಮಾಸ್ಟ್ರೇ, ಮೂಟೆ ಹೊರೋದು ಇವತ್ತಿನ ಪಾಠ. ನಿಮ್ಮ ಮಣ್ಣು ಹಗುರ, ಸೊಂಟ ಹಿಡಿಯಲ್ಲ. ಬೀದಿಯವರಿಗೂ ಸಹಾಯ ಆಗುತ್ತೆ. ಹೊತ್ತು ಕೊಡಲಾ?"

ಎಡಗೈ ತೋಳಿನ ಸಂದಿಯಲ್ಲಿ, ಬಲಗೈ ಸೂಜಿಯಲ್ಲಿ, ಬಾಯಿಯಲ್ಲಿ ನಾಲ್ಕು ಗುಂಡುಪಿನ್ನು. "ಅದಕ್ಕೇನು" ಎಂದು ಹೇಳಲು ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ. ತಲೆ ತಾನಾಗಿಯೇ ಆಡಿತು.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಾವು ಶಾಲೆಯ ಗೋಡೆಯ ಮೇಲೆ ಬರೆಯುತ್ತೇವೆ. ಅಂದು ಆ ಬೀದಿಯಲ್ಲಿ ಕೈ ಕೆಸರಾದವನು ಒಬ್ಬ, ಬಾಯಿ ಮೊಸರಾದವರು ಮೂವತ್ತು ಮನೆಯವರು.

ವಕೀಲರು ತೋಳು ಕೂಡಿದ ಕೋಟು ತೊಟ್ಟು ಓಡಿದ ಮೇಲೂ ಅವರು ಬಿಟ್ಟುಹೋದ ಇನ್ನೊಂದು ಅಂಗಿಯ ಕಾಲರು, ಕಾಲರಿನ ಬಳಿಕ ನರ್ಸಮ್ಮ ಕಳಿಸಿದ ದಿಂಬಿನ ಚೀಲ, ಎಲ್ಲ ಮುಗಿಸಿ ದರ್ಜಿ ಹಿತ್ತಿಲಿಗೆ ಬಂದಾಗ ಮೂರೂವರೆ. ಮೊದಲ ನೋಟಕ್ಕೆ ಆತನ ಉಸಿರು ಹಗುರಾಯಿತು. ಎಲ್ಲಿಯೂ ಹಳ್ಳ ಬಿದ್ದಿರಲಿಲ್ಲ. ಆರೂ ಮಡಿಗಳು ಅಷ್ಟೇ ಎತ್ತರವಾಗಿ, ಅಷ್ಟೇ ಸಮವಾಗಿ ಇದ್ದುವು. ಜನ ಪ್ರಾಮಾಣಿಕರು, ಒಂದು ಬಕೆಟ್ ಒಯ್ದವರು ಒಂದು ಬಕೆಟ್ ಸುರಿದಿದ್ದರು.

ಎರಡನೆಯ ನೋಟಕ್ಕೆ ಬಣ್ಣ ಕಂಡಿತು. ಬೂದು, ಕೆಂಪು, ಬಿಳಿ, ತಿಳಿಹಳದಿ. ಒಂದೇ ಅಂಗಿಗೆ ಮೂವತ್ತು ತೇಪೆ. ಇಲ್ಲಿ ಕುಂಡದ ಆಕಾರದಲ್ಲಿಯೇ ಗಟ್ಟಿಯಾಗಿ ನಿಂತ ಬೇರಿನ ಮುದ್ದೆ, ಅಲ್ಲಿ ಸುಣ್ಣದ ಹೆಂಟೆ, ಮುರಿದ ಹಲ್ಲುಜ್ಜುವ ಬ್ರಷ್ಷು, ಗೊಂಬೆಯ ಒಂದು ಕೈ. ಎಲೆರಾಶಿ ಇದ್ದ ಜಾಗದಲ್ಲಿ ಯಾರೋ ಗುಡಿಸಿ ನೀರು ಚಿಮುಕಿಸಿ ಚೊಕ್ಕಟ ಮಾಡಿ ಹೋಗಿದ್ದರು. ದರ್ಜಿ ಮೊಣಕಾಲೂರಿ ಮಡಿಯೊಳಗೆ ಬೆರಳು ತೂರಿಸಿದ. ಬೆರಳು ಇಳಿಯಲಿಲ್ಲ. ಒಂದು ಮಡಿಯಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಅಗೆದ. ಒಂದು ಎರೆಹುಳುವೂ ಇರಲಿಲ್ಲ. ಕರೆಯದೆ ಬಂದವರು ಹೇಳದೆ ಹೋಗಿದ್ದರು.

ಬೀದಿಗೆ ಓಡಿದ. ಪ್ರತಿ ಮೆಟ್ಟಿಲ ಮೇಲೆ, ಪ್ರತಿ ಕಿಟಕಿಯ ಕೆಳಗೆ, ಕುಂಡಗಳಲ್ಲಿ, ಡಬ್ಬಗಳಲ್ಲಿ, ಹಳೆಯ ಬಾನಿಗಳಲ್ಲಿ, ಆತನ ಮಣ್ಣು ಕಪ್ಪಗೆ ಮಿನುಗುತ್ತಿತ್ತು. "ಕೊಡಿ" ಎನ್ನಬೇಕು. ಎರಡೇ ಅಕ್ಷರ. ಬಾಯಿ ತೆರೆದ. ಆಗಲೇ ಪರೀಕ್ಷಾಲಯದ ಜೀಪು ಬಂದು ನಿಂತಿತು. ಹಿಂದೆಯೇ ಭಾವಮೈದನ ವ್ಯಾನು.

ಪರೀಕ್ಷಕಿ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಮಡಿಗಳಲ್ಲಿ ಅಡ್ಡಾದಿಡ್ಡಿಯಾಗಿ ನಡೆದು ಒಂಬತ್ತು ಕಡೆ ಅಗೆದರು. ಹುಳು ಎಣಿಸಿದರು, ಎಣಿಸಲು ಏನೂ ಇರಲಿಲ್ಲ. ಒಂದು ಹೆಂಟೆಯನ್ನು ನೀರಿನ ಲೋಟಕ್ಕೆ ಬಿಟ್ಟರು. ಅದು ಬಿಸಿನೀರಿಗೆ ಬಿದ್ದ ಸಕ್ಕರೆಯಂತೆ ತಳ ಮುಟ್ಟುವ ಮುನ್ನವೇ ಕುಸಿಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇಪ್ಪತ್ತೆರಡು ವರ್ಷದಿಂದ ಮಣ್ಣು ನೋಡ್ತಿದೀನಿ. ಬಡ ಮಣ್ಣು ನೋಡಿದೀನಿ, ಹಸಿದ ಮಣ್ಣು ನೋಡಿದೀನಿ. ಇಂಥದ್ದು ನೋಡಿಲ್ಲ. ಇದು ಮೂವತ್ತು ಕಡೆ ಬೇರೆಬೇರೆಯಾಗಿ ಸತ್ತು, ಇಲ್ಲಿ ಬಂದು ಒಟ್ಟಿಗೆ ಮಲಗಿದೆ."

"ಅಮ್ಮಾ" ಎಂದ ದರ್ಜಿ. ಗೇಟಿನ ಕಡೆ ಕೈ ತೋರಿಸಿದ. "ಮಣ್ಣು ಬೀದೀಲಿದೆ."

ಆಕೆಗೆ ಅರ್ಥವಾಗಲಿಲ್ಲ, ಆದರೆ ಆತನ ಮುಖ ನೋಡಿ ಆತನ ಹಿಂದೆಯೇ ಬೀದಿಗೆ ಹೊರಟರು. ಹೆಂಡತಿಯೂ ಭಾವಮೈದನೂ ಹಿತ್ತಿಲಿನಲ್ಲಿಯೇ ಉಳಿದರು. ಹೊರಗೆ ನರ್ಸಮ್ಮನ ಮೆಟ್ಟಿಲ ಮೇಲೆ ಬೀದಿಯೇ ನೆರೆದಿತ್ತು. ಕೇಸು ಮುಂದಕ್ಕೆ ಹೋಗಿ ವಕೀಲರೂ ಮರಳಿದ್ದರು. ಪರೀಕ್ಷಕಿ ಗುಲಾಬಿಯ ಕುಂಡಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದರು. ಹಿಸುಕಿದರು, ಅದು ಮುದ್ದೆಯಾಯಿತು. ಬೆರಳಿನಿಂದ ತಟ್ಟಿದರು; ಕಾಳುಕಾಳಾಗಿ ಬಿಡಿಸಿಕೊಂಡಿತು. ಮೂಸಿದರು. ಎರಡು ಎರೆಹುಳುಗಳು ಅಂಗೈ ಮೇಲೆ ನಿಧಾನವಾಗಿ ಹೊರಳಿದವು. ಮುಂದಿನ ಮೆಟ್ಟಿಲಿಗೆ ಹೋದರು, ಅದರ ಮುಂದಿನದಕ್ಕೂ ಹೋದರು. ಹನ್ನೊಂದು ಮನೆ ನೋಡಿ ಬಂದಾಗ ಅವರ ಕಣ್ಣು ತುಂಬಿತ್ತು. ಮಣ್ಣನ್ನು ನೋಡಿ ಕಣ್ಣು ತುಂಬುವವರು ಇನ್ನೂ ಈ ಲೋಕದಲ್ಲಿದ್ದಾರೆ ಎಂಬುದೇ ಆ ದಿನದ ಒಂದೇ ಸಮಾಧಾನ.

"ಇದನ್ನ ಮಾಡಿದ್ದು ಯಾರು?"

ಒಬ್ಬರು, ಒಬ್ಬರೇ ಒಬ್ಬರು, ಮೂಲೆಮನೆಯ ಕಡೆಗೆ ಬೆರಳು ತೋರಿಸಿದ್ದರೆ ಸಾಕಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಿಗಾದರೂ ಒಳಗೆಲ್ಲೋ ನಾಚಿಕೆ ಉಳಿದಿರುತ್ತದೆ. ಇವರು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ.

"ನಾವೇ" ಎಂದರು ನರ್ಸಮ್ಮ. ಸುಳ್ಳು ಹೇಳುತ್ತಿದ್ದೇನೆಂದು ಆಕೆಗೆ ಅನಿಸಿರಲಿಕ್ಕಿಲ್ಲ. ಬೆಳಗಿನಿಂದ ಹೊತ್ತು, ತುಂಬಿ, ನೀರು ಹಾಕಿ ಸೊಂಟ ನೋಯುತ್ತಿತ್ತಲ್ಲ! "ಬಹಳ ಜೋಪಾನ ಮಾಡ್ಬೇಕು ಮೇಡಂ. ಮಗು ತರಹ."

ಪರೀಕ್ಷಕಿ ಕುಂಡದಿಂದ ಏನನ್ನೋ ಎತ್ತಿದರು. ಹಸಿರು ಬಣ್ಣದ, ನಾಲ್ಕು ತೂತಿನ ಒಂದು ಬಟನ್.

"ಇದೇನು? ಹನ್ನೊಂದು ಮನೆ ಕುಂಡದಲ್ಲೂ ಇದೆಯಲ್ಲ?"

ನರ್ಸಮ್ಮ ವಕೀಲರ ಕಡೆ ನೋಡಿದರು. ವಕೀಲರು ಕೋಟು ಸರಿಮಾಡಿಕೊಂಡರು. ದರ್ಜಿ ಅಂದೇ ಹೊಲಿದ ತೋಳು ಗಂಭೀರವಾಗಿ ಮೇಲೆದ್ದಿತು.

"ಅದು ನಮ್ಮ ಬೀದಿಯ ಪದ್ಧತಿ. ಕುಂಡಕ್ಕೊಂದು ಬಟನ್."

"ಯಾಕೆ?"

"ಗಾಳಿ ಆಡೋಕೆ. ನಾಲ್ಕು ತೂತಿದೆ ನೋಡಿ."

ಪೈಲ್ವಾನನ ಹನ್ನೆರಡು ಮಂದಿ ಶಿಷ್ಯರೂ ಒಟ್ಟಿಗೆ ತಲೆಯಾಡಿಸಿದರು. ಇಪ್ಪತ್ತೆರಡು ವರ್ಷದ ಅನುಭವವಿದ್ದ ಪರೀಕ್ಷಕಿ ಒಂದು ಕ್ಷಣ ಅನುಮಾನಿಸಿದರು. ಆದರೆ ಅಂಥ ಅದ್ಭುತವನ್ನು ಕೈಯಲ್ಲಿ ಹಿಡಿದವರಿಗೆ ಬೇರೊಂದು ಅದ್ಭುತವನ್ನು ನಂಬುವುದು ಕಷ್ಟವಾಗಲಿಲ್ಲ. ಪುಸ್ತಕ ತೆರೆದು ಬರೆದುಕೊಂಡರು. ಬಳಿಕ ದರ್ಜಿಯತ್ತ ಬಹಳ ಮೃದುವಾಗಿ ತಿರುಗಿದರು.

"ಇಷ್ಟು ತಿಳಿದವರು ಪಕ್ಕದಲ್ಲೇ ಇದ್ದು ನಿಮ್ಮ ಹಿತ್ತಿಲು ಹಾಗಿದೆಯಲ್ಲಪ್ಪ. ನೀವು ದರ್ಜಿ ಅಂತೆ, ಬಟನ್ ಕೂಡ ನಿಮ್ಮ ಹತ್ರಾನೇ ಇರುತ್ತೆ. ಬೇಜಾರು ಮಾಡ್ಕೋಬೇಡಿ. ಈ ಅಮ್ಮ ವಾರಕ್ಕೊಂದು ಸಲ ಬಂದು ಮಣ್ಣು ಮಾಡೋದು ಹೇಗೆ ಅಂತ ನಿಮಗೆ ಹೇಳಿಕೊಡ್ತಾರೆ. ಆಗಬಹುದಾ?"

ಇಡೀ ಬೀದಿ ಆತನ ಬಾಯಿಯನ್ನೇ ನೋಡಿತು. ಸತ್ಯ ಆತನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ನಲವತ್ತೆಂಟು ವರ್ಷದಿಂದ ಅದೇ ದಾರಿಯಲ್ಲಿ ಓಡಾಡಿದ ಮಾತು ಅದನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂತು.

"ಅದಕ್ಕೇನು" ಎಂದ ದರ್ಜಿ.

ಪರೀಕ್ಷಕಿ ಸಂತೋಷದಿಂದ ಆ ಹಸಿರು ಬಟನನ್ನು ಆತನ ಅಂಗೈಯಲ್ಲಿಟ್ಟರು. "ಇದು ನನ್ನ ಕಡೆಯಿಂದ. ಒಂದರಿಂದ ಶುರುಮಾಡಿ." ಹಿತ್ತಿಲಿನ ಮಣ್ಣು ನಿರ್ಜೀವ ಎಂಬ ಒಂದು ಕಾಗದವನ್ನೂ ಬೀದಿಗೆ ಅಭಿನಂದನೆ ಎಂಬ ಇನ್ನೊಂದು ಕಾಗದವನ್ನೂ ಬರೆದುಕೊಟ್ಟು ಜೀಪು ಹತ್ತಿದರು. ಚಪ್ಪಾಳೆ ಬಿತ್ತು.

ಹಿತ್ತಿಲಿನಲ್ಲಿ ಭಾವಮೈದ ಕಾಗದ ಓದಿ ತಲೆ ತಗ್ಗಿಸಿದ. ಅವನು ಕೆಟ್ಟವನಲ್ಲ. "ಏನ್ಮಾಡ್ಲಿ ಭಾವ, ಬರೆದದ್ದು ಬರೆದದ್ದೇ. ಲಾರಿಗೆ ಹೇಳಿಬಿಟ್ಟಿದೀನಿ, ನಾಳೆ ಬೆಳಗ್ಗೆ ಏಳಕ್ಕೆ ಬರುತ್ತೆ. ಬೇಜಾರಾಗಬೇಡ. ಬೀದಿಯವರೆಲ್ಲ ಕುಂಡದಲ್ಲೇ ಎಂಥಾ ಮಣ್ಣು ಮಾಡಿದಾರಂತೆ! ಕಾಂಕ್ರೀಟ್ ಮೇಲೆ ನೀನೂ ನಾಲ್ಕು ಕುಂಡ ಇಟ್ಕೋ."

ಹೆಂಡತಿ ಗಂಡನ ಬೆರಳುಗಳನ್ನು ಬಿಡಿಸಿ ಬಟನ್ ನೋಡಿದಳು. ಮೂರು ವರ್ಷದ ಹಿಂದೆ ತನ್ನ ಹಸಿರು ಅಂಗಿಯಿಂದ ಕಳೆದುಹೋದ ಬಟನ್. ಅದನ್ನು ಮನೆಯೆಲ್ಲ ಹುಡುಕಿ ಜಗಳವಾಡಿದ್ದು ಅವಳಿಗೆ ನೆನಪಿತ್ತು. ಒಳಗೆ ಹೋಗಿ, ಕಿಟಕಿಯ ಮೇಲಿದ್ದ ಲೋಟವನ್ನು ತಂದು ತಮ್ಮನ ಕೈಗೆ ಕೊಟ್ಟಳು.

ಹೆಂಟೆ ಬೆಳಗಿನಂತೆಯೇ ಕುಳಿತಿತ್ತು. ಒಂದು ಅಂಚೂ ಕುಸಿದಿರಲಿಲ್ಲ. ನೀರು ಇನ್ನೂ ತಿಳಿ.

"ಇದು ಯಾವಾಗಿಂದ ನೀರಲ್ಲಿದೆ?"

"ಬೆಳಗ್ಗೆ ಏಳರಿಂದ" ಎಂದಳು. "ಆಗ ಹಿತ್ತಿಲು ನಮ್ಮ ಹಿತ್ತಿಲಲ್ಲೇ ಇತ್ತು ಕಣೋ."

ಭಾವಮೈದ ಲೋಟವನ್ನು ಸಂಜೆಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ವ್ಯಾನುಗಳ ಇಂಜಿನ್ನು ಬಿಟ್ಟು ಬೇರೇನನ್ನೂ ಅಷ್ಟು ಹೊತ್ತು ನೋಡಿದವನಲ್ಲ. ಕೊನೆಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನಿಗೆ ಹಿಂದಿರುಗಿಸಿದ.

"ಲಾರಿ ಏಳಕ್ಕೆ ಬರುತ್ತೆ, ಅದು ಬದಲಾಗಲ್ಲ. ಆದ್ರೆ ಅಷ್ಟರೊಳಗೆ ಇಂಥ ಮಣ್ಣು ಒಂದೇ ಒಂದು ಮಡಿ ತುಂಬ ತೋರಿಸು ಭಾವ. ಕಾಗದಾನ ನಾನೇ ಹರೀತೀನಿ. ಇದೂ ಮಾತೇ."

ಒಂದು ಮಡಿಯ ಮಣ್ಣು ಮೂವತ್ತು ಮೆಟ್ಟಿಲುಗಳ ಮೇಲೆ, ಕೂಗಳತೆಯಲ್ಲಿ ಇದೆ. ಮೂವತ್ತು ಬಾಗಿಲು ತಟ್ಟಿದರೆ ಮುಗಿಯಿತು. ದರ್ಜಿ ಖಾಲಿ ಬುಟ್ಟಿ ಹಿಡಿದು ಗೇಟಿನ ಬಳಿ ನಿಂತಿದ್ದಾನೆ. ಹೆಂಡತಿ ಪಕ್ಕದಲ್ಲಿ ನಿಂತು, "ಕೇಳ್ರೀ, ಒಂದು ಸಲ ಕೇಳ್ರೀ" ಎನ್ನುತ್ತಿದ್ದಾಳೆ. ದಾರಿಯಲ್ಲಿ ಹೋಗುವವರು, "ಏನು ಅದಕ್ಕೇನಪ್ಪ, ಗಾಳಿ ತಗೊಳ್ತಿದೀಯಾ?" ಎನ್ನುತ್ತಾರೆ, ಆತ ನಗುತ್ತಾನೆ. ಇಲ್ಲ ಎನ್ನಲು ಬಾರದವನಿಗೆ ಕೊಡಿ ಎನ್ನಲೂ ಬಾರದು.

ಆದ್ದರಿಂದ ಆತನ ಪರವಾಗಿ ನಾನು ಕೇಳುತ್ತಿದ್ದೇನೆ. ಪುಸ್ತಕ ಮಡಿಸಿ ಎದ್ದು ನಿಮ್ಮ ಮೆಟ್ಟಿಲಿಗೆ ಹೋಗಿ. ಕುಂಡದೊಳಗೆ ಬೆರಳು ತೂರಿಸಿ ನೋಡಿ. ಒಂದು ಬಟನ್ ಸಿಕ್ಕಿದರೆ, ದಯವಿಟ್ಟು, ಕುಂಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆ ಮೂಲೆಮನೆಯ ಗೇಟಿಗೆ ಬನ್ನಿ. ಲಾರಿ ಬರುವುದು ಏಳಕ್ಕೆ. ನೀವು ಆರಕ್ಕೇ ಬನ್ನಿ.